ಚಿಗರಿಯ ಸಿನೆಮಾಕ್ಕೆ ಎರಡು ಕಂಬಳಿ

ಚಿಗರಿ ಸತ್ತದ್ದನ್ನು ನೋಡಿ ಅಣ್ಣಿಗೇರಿಯ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡು ಅತ್ತರಂತೆ. ಸರಕಾರದ ಜೀಪು ಬಂದು, ಬಿಳಿ ಪಡದೆ ಕಟ್ಟಿ, ಚಿಗರಿಗಳು, ಈ ಬಯಲಿನ ಜಿಂಕೆಗಳು, ಭೂಮಿಯ ಮೇಲಿಂದ ಕಾಣೆಯಾಗುತ್ತಿವೆ ಎಂದು ಸಿನೆಮಾ ತೋರಿಸಿತಂತೆ. ಅದಕ್ಕೆ ಅಳು. ಈ ಸುದ್ದಿ ಕೇಳಿದಾಗ ನಾನು ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತ ಕೂತಿದ್ದೆ. ಮೈಯೆಲ್ಲ ಉರಿದುಹೋಯಿತು.

"ಅಷ್ಟ ಕನಿಕರ ಇದ್ದರ ನಾಕ ಚಿಗರಿ ಹಿಡಕೊಂಡ ಹೋಗಿ ತಮ್ಮ ಹಿತ್ತಲದಾಗ ಕಟ್ಟಿಕೊಳ್ಳಲಿ," ಎಂದೆ. "ನಮ್ಮ ಕಡ್ಲಿ ಮೇದು ಮೇದು ಅವಕ್ಕ ಮೈ ತುಂಬೇತಿ. ನಮ್ಮ ಹೊಟ್ಟಿಗೆ ಯಾರ ಅತ್ತಾರ?"

ಎದುರಿಗೆ ನಿಂತಿದ್ದವರು ಶಂಭುಲಿಂಗಪ್ಪ ಗೌಡರು. ಊರಿಗೆ ಹಿರಿಯರು. ಆಳೂ ಎತ್ತರ, ದನಿಯೂ ಎತ್ತರ. ಹತ್ತಿ ಮಾರಲು ಅಣ್ಣಿಗೇರಿಗೆ ಹೋದವರು ಆ ಸಿನೆಮಾ ನೋಡಿ, ಬೆಳಗಾಗುತ್ತಲೇ ನಮ್ಮ ಬಾಗಿಲಿಗೆ ಬಂದಿದ್ದರು. ಕೂಡ್ರಿ ಎಂದರೂ ಕೂಡಲಿಲ್ಲ.

"ಚಿಗರಿ ಮಾತ ಬಿಡು ಬಸವಣ್ಣೆವ್ವಾ. ಆ ಸಿನೆಮಾದಾಗ ನಿನ್ನ ಗಂಡ ಅದಾನ."

"ಯಾವ ಗಂಡ?" ಎಂದುಬಿಟ್ಟೆ. ನನಗೆ ಇದ್ದವರು ಒಬ್ಬರೇ. ಅವರು ಹೋಗಿ ಹದಿನೈದು ತಿಂಗಳಾಗಿತ್ತು. ಆದರೂ ಬಾಯಿಗೆ ಬಂದದ್ದು ಆ ಮಾತು.

"ಗುಡದಪ್ಪನವಾ. ತಲಿಗೆ ರುಮಾಲ, ಬಗಲಾಗ ಬುಟ್ಟಿ, ಹೊಲದಾಗ ಚರಗಾ ಚೆಲ್ಲಾಕತ್ತಾನ. ಅದನ್ನ ತೋರಿಸಿ ಆ ಹಲಕಟ್ ಮಂದಿ ಏನಂತಾರ ಗೊತ್ತನ? ರೈತ ಕಾಡಪ್ರಾಣಿಗೆ ವಿಷಾ ಚೆಲ್ಲತಾನ ಅಂತಾರ! ಅದರ ಹಿಂದಿಂದ ಸತ್ತ ಚಿಗರಿ ತೋರಸತಾರ. ಅಣ್ಣಿಗೇರಿ ಮಂದಿ ನಮ್ಮ ಗುಡದಪ್ಪನ್ನ ಬೈದ್ರು. ನನ್ನ ಬಾಜೂಕ ಕುಂತ ಬೈದ್ರು. ನಾ ಕೇಳಿಕೊಂಡ ಬಂದೇನಿ."

ಒಳಗೆ ರೊಟ್ಟಿ ಬಡಿಯುತ್ತಿದ್ದ ಸದ್ದು ನಿಂತಿತು. ಸಣ್ಣವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಸಣ್ಣವ್ವ ನನ್ನ ನಾದಿನಿ. ಗಂಡ ಸತ್ತ ಮೇಲೆ ತವರಿಗೆ ಬಂದು ಅಣ್ಣನ ಮನೆಯಲ್ಲೇ ಉಳಿದವಳು. ಅಣ್ಣ ಎಂದರೆ ಅವಳಿಗೆ ಲಿಂಗವೇ ಸೈ.

"ನಮ್ಮಣ್ಣ ವಿಷಾ ಹಾಕಿದಾ? ಇರವಿಗೆ ಸಕ್ಕರಿ ಹಾಕಾಂವ ನಮ್ಮಣ್ಣ! ಅವರ ನಾಲಿಗಿ ಸೇದಿ ಹೋಗಲಿ, ಅವರ ಕಣ್ಣಾಗ ಮಣ್ಣ ಬೀಳಲಿ!" ಎಂದು ಓಣಿಗೆಲ್ಲ ಕೇಳುವಂತೆ ಕೂಗಿದಳು.

ನಾನು ಮೊರದಲ್ಲಿದ್ದ ಜೋಳ ಮತ್ತೆ ಕೇರತೊಡಗಿದೆ.

ಎರೆ ಹೊಲದವರಿಗೆ ಚರಗ ಎಂದರೇನೆಂದು ಹೇಳಬೇಕಾಗಿಲ್ಲ. ಆ ಸಿನೆಮಾ ತೆಗೆದ ಮುಂಬೈಯವರಿಗೆ ಹೇಳಬೇಕಾಗಿತ್ತು, ಯಾರೂ ಹೇಳಲಿಲ್ಲ. ಎಳ್ಳ ಅಮಾಸಿಗೆ, ಸೀಗಿ ಹುಣ್ಣಿಮೆಗೆ ಮನೆಯಲ್ಲಿ ಮಾಡಿದ ಕಡುಬು, ಹೋಳಿಗೆ, ಪಲ್ಯ, ಅನ್ನ ಎಲ್ಲವನ್ನೂ ಕಲೆಸಿ ಬುಟ್ಟಿಯಲ್ಲಿ ಹೊತ್ತು ಹೊಲಕ್ಕೆ ಹೋಗುತ್ತೇವೆ. ಗಂಡ ಮುಂದೆ ಮುಂದೆ ಆ ಎಡೆಯನ್ನು ಬೆಳೆಯ ಮೇಲೆ ಚೆಲ್ಲುತ್ತಾನೆ. ಹೆಂಡತಿ ಹಿಂದೆ ತಂಬಿಗೆ ಹಿಡಿದು ನೀರು ಚಿಮುಕಿಸುತ್ತಾಳೆ. ಅವನು "ಹುಲ್ಲುಲ್ಲಿಗೋ" ಎಂದು ಕೂಗಿದರೆ ಅವಳು "ಚಲಾಂಬರಿಗೋ" ಎಂದು ಓಗೊಡಬೇಕು. ಹೊಲದ ನಾಲ್ಕೂ ಮೂಲೆ ಮುಟ್ಟಬೇಕು. ಬಸುರಿ ಭೂಮಿತಾಯಿ ಉಣ್ಣಲಿ, ಇರುವೆ, ಹಕ್ಕಿ, ಇಲಿ ಉಣ್ಣಲಿ ಎಂದು ಕೊಡುವ ಊಟ ಅದು. ಚಿಗರಿಯೂ ಉಣ್ಣಲಿ ಎಂದು ನಮ್ಮವರು, ನನ್ನ ಗಂಡ, ಸೇರಿಸುತ್ತಿದ್ದರು. ನಾನು ಹಲ್ಲು ಕಡಿಯುತ್ತಿದ್ದೆ.

ಈ ಸಿನೆಮಾ ಬರುವುದಕ್ಕೂ ಎರಡು ವರ್ಷದ ಹಿಂದೆ ಮುಂಬೈಯಿಂದ ಇಬ್ಬರು ಕ್ಯಾಮರಾ ತಂದು ಚಿಗರಿಯ ಬೆನ್ನು ಹತ್ತಿ ನವಲಗುಂದದ ಹೊಲಗಳಲ್ಲಿ ತಿಂಗಳುಗಟ್ಟಲೆ ತಿರುಗಿದ್ದರು. ಎಳ್ಳ ಅಮಾಸಿಯ ದಿನ ನಮ್ಮ ಬದುವಿನ ಮೇಲೆ ನಿಂತು, ಚರಗ ಚೆಲ್ಲುವುದನ್ನು ತೆಗೆಯಲೇ ಎಂದು ಕೈಸನ್ನೆ ಮಾಡಿದರು. ನಮ್ಮವರು ನಕ್ಕು, "ತಗೀರಿ, ಏನ ಸವದ ಹೋಗತೇನಿ," ಎಂದರು. ಅವರು ಬುಟ್ಟಿ ಹಿಡಿದಿದ್ದರು. ಹಿಂದೆ ತಂಬಿಗೆ ಹಿಡಿದಿದ್ದವಳು ನಾನು.

ಗೌಡರು ಅದೇ ಸಂಜೆ ಹಣಮಪ್ಪನ ಗುಡಿಯ ಕಟ್ಟೆಯ ಮೇಲೆ ಊರನ್ನು ಕೂಡಿಸಿದರು. ಐತವಾರ ಮಧ್ಯಾಹ್ನ ಜೀಪು ನಮ್ಮ ಊರಿಗೆ ಬರುವುದಿತ್ತು. ಸಂಜೆಗೆ ಅದೇ ಜೀಪು ತಿರ್ಲಾಪುರಕ್ಕೆ ಹೋಗಬೇಕು, ಆದ್ದರಿಂದ ನಮಗೆ ಹಗಲು ಸಿನೆಮಾ, ಸಾಲಿಯ ಖೋಲಿಯಲ್ಲಿ. ಆ ಖೋಲಿಗೆ ಪಡುವಣ ದಿಕ್ಕಿಗೆ ಎರಡು ದೊಡ್ಡ ಕಿಟಕಿ, ಒಂದು ಬಾಗಿಲು. ಕಿಟಕಿಗೆ ಕದವಿಲ್ಲ, ಬರೀ ಸರಳು. ಹಗಲು ಸಿನೆಮಾ ಎಂದರೆ ಊರವರು ಕಂಬಳಿ ಕೊಟ್ಟು ಕತ್ತಲೆ ಮಾಡಬೇಕು. ಹಿಂದೆ ಕುಟುಂಬ ಯೋಜನೆಯ ಸಿನೆಮಾಕ್ಕೂ ಹಾಗೆಯೇ ಮಾಡಿದ್ದೆವು.

"ಕಂಬಳಿ ಕೊಡಬ್ಯಾಡ್ರಿ," ಎಂದರು ಗೌಡರು. "ಜಗಳಾ ಬ್ಯಾಡ, ಬಡದಾಟ ಬ್ಯಾಡ. ಕತ್ತಲಿ ಇಲ್ಲದ ಎಂಥಾ ಸಿನೆಮಾ? ಬಿಸಲಾಗ ಏನ ತೋರಸತಾರ ತೋರಸಲಿ. ನಮ್ಮೂರಾಗ ಒಬ್ಬಾಂವ ನೋಡಕೂಡದು. ಏನಂತೀ ಬಸವಣ್ಣೆವ್ವಾ? ನಿನ್ನ ಮಾತ ಮೊದಲ."

ಎಲ್ಲರೂ ನನ್ನ ಕಡೆ ತಿರುಗಿದರು. ಗಂಡಸರ ಮುಖದಲ್ಲೂ ಕನಿಕರ. ನನಗೆ ಯಾರ ಕನಿಕರವೂ ಆಗಿಬರುವುದಿಲ್ಲ.

"ಸುಡ್ರಿ ಅದನ್ನ," ಎಂದು ಎದ್ದು ಬಂದೆ.

ಮನೆಗೆ ಬಂದ ಮೇಲೆ ಶುರುವಾಯಿತು ನೋಡಿ. ಸುಡ್ರಿ ಎಂದವಳು ನಾನೇ. ಒಲೆಯ ಮುಂದೆ ಕೂತು ನೋಡಲೋ ಬೇಡವೋ ಎಂದು ಲೆಕ್ಕ ಹಾಕುವವಳೂ ನಾನೇ.

ನಮ್ಮವರದು ಒಂದು ಫೋಟೋ ಇಲ್ಲ. ಹುಬ್ಬಳ್ಳಿಗೆ ಹೋಗಿ ತೆಗೆಸೋಣ ಎಂದಾಗಲೆಲ್ಲ, "ಈ ಮುಖಾ ಏನ ತಗಸೂದು," ಎಂದು ಮುಂದೆ ಹಾಕಿದರು. ಹೋಗಿ ಹದಿನೈದು ತಿಂಗಳಲ್ಲಿ ನನಗೆ ಆ ಮುಖ ಮರೆಯತೊಡಗಿತ್ತು. ಇದನ್ನು ಯಾರ ಮುಂದೆ ಹೇಳುವುದು? ಬೆನ್ನು ನೆನಪಿತ್ತು. ಇಪ್ಪತ್ತೆಂಟು ವರ್ಷ ಹೊಲದಲ್ಲಿ ಆ ಬೆನ್ನಿನ ಹಿಂದೆ ನಡೆದವಳು, ಬೆನ್ನು ಹೇಗೆ ಮರೆತೀತು? ಕೈ ನೆನಪಿತ್ತು, ರುಮಾಲು ಸುತ್ತುವ ಬಗೆ ನೆನಪಿತ್ತು. ಮುಖ ಮಾತ್ರ ನೆನೆಯಹೋದರೆ ಕೊನೆಗೆ ಕಾಮಾಲೆ ಹತ್ತಿ ಹಳದಿಯಾದ ಮುಖವೇ ಬಂದು ನಿಲ್ಲುತ್ತಿತ್ತು. ಮೊದಲಿನದು ಬರುತ್ತಿರಲಿಲ್ಲ. ಆ ಮೊದಲಿನ ಮುಖ ಈಗ ಯಾವನೋ ಸರಕಾರಿಯವನ ಡಬ್ಬಿಯಲ್ಲಿತ್ತು. ಅದನ್ನು ಒಂದು ಸಲ ನೋಡಬೇಕು ಎಂದು ಜೀವ ಹಾತೊರೆಯುತ್ತಿತ್ತು.

ಹಾಗಾದರೆ ಹೋಗಿ ನೋಡಬಾರದೇನು? ಊರಿಗೆ ಹೆದರುವ ಹೆಣ್ಣಲ್ಲ ನಾನು. ನನ್ನ ತಡೆದದ್ದು ಬೇರೆ. ಅದನ್ನೂ ಹೇಳಿಬಿಡುತ್ತೇನೆ.

ಆ ಸಿನೆಮಾದಲ್ಲಿ ಸತ್ತ ಚಿಗರಿಗಳಿಗೆ ವಿಷ ಇಟ್ಟವಳು ನಾನು.

ನಮ್ಮದು ಎರಡೂವರೆ ಎಕರೆ. ಆ ವರ್ಷ ಕಡಲೆ ಅಗದಿ ಚಲೋ ಬಂದಿತ್ತು. ಕಾಯಿ ಕಟ್ಟುವ ಹೊತ್ತಿಗೆ ಚಿಗರಿ ಹಿಂಡು ಬಂತು. ನಸುಕಿನಲ್ಲಿ ಬಂದರೆ ಮೂವತ್ತು, ನಾಲ್ವತ್ತು. ನಮ್ಮವರು ಅಟ್ಟದ ಮೇಲೆ ಕವಣೆ ಹಿಡಿದು ಕೂಡುತ್ತಿದ್ದರು. ಕಲ್ಲು ಬೀಸುತ್ತಿದ್ದರು ನಿಜ, ಎಲ್ಲಿಗೆ? ಚಿಗರಿಗೆ ಹತ್ತು ಮಾರು ಈಚೆಗೆ. ಊರಿನಲ್ಲಿ ಹಾರುವ ಗಿಳಿಗೆ ಗುರಿ ಇಡಬಲ್ಲ ಮನುಷ್ಯ! ಕೇಳಿದರೆ, "ಅವೂ ಹಸದಾವು ಬೇ," ಎನ್ನುತ್ತಿದ್ದರು. ಅವು ಹಸಿದಿವೆ, ನಾವು ಹಸಿದಿಲ್ಲ. ಎಳ್ಳ ಅಮಾಸಿ ಆಗಿ ಹನ್ನೆರಡನೆಯ ದಿನಕ್ಕೆ ಅರ್ಧ ಹೊಲ ಬೋಳಾಯಿತು. ಹತ್ತಿಯ ಹುಳಕ್ಕೆ ಹೊಡೆಯಲು ತಂದ ಎಂಡ್ರಿನ್ ಎಣ್ಣೆ ಮನೆಯಲ್ಲಿ ಉಳಿದಿತ್ತು. ಬೋಗುಣಿಯಲ್ಲಿ ಕಡಲೆ ನೆನೆಹಾಕಿ ಅದನ್ನು ಸುರಿದೆ, ಹೊತ್ತು ಮುಳುಗುವ ಮೊದಲು ಆ ಕಡಲೆಯನ್ನು ಬದುವಿನ ಮೇಲೆ ಇಟ್ಟು, ಬರಿ ಬೋಗುಣಿ ಹಿಡಿದು ಮನೆಗೆ ಬಂದೆ.

ಬೆಳಿಗ್ಗೆ ಆರು ಚಿಗರಿ ಸತ್ತು ಬಿದ್ದಿದ್ದವು. ಸುರುಳಿ ಕೋಡಿನ ಕರಿ ಹೋರಿ ಒಂದು, ಹೆಣ್ಣು ನಾಲ್ಕು, ಮರಿ ಒಂದು. ನಮ್ಮವರು ಮನೆಗೆ ಬಂದು ಬೋಗುಣಿ ಮೂಸಿ ನೋಡಿದರು.

"ನೀ ಇಟ್ಟೇನ?"

"ಹೂಂ, ನಾನ ಇಟ್ಟೆ. ನಿಮ್ಮ ಕವಣಿ ಕಲ್ಲ ಅವಕ್ಕ ಮುಟ್ಟೂದಿಲ್ಲಲ್ಲ."

ಬೈಯಲಿಲ್ಲ, ಹೊಡೆಯಲಿಲ್ಲ. ಸಲಿಕೆ ತೆಗೆದುಕೊಂಡು ಹೋದರು. ಅಷ್ಟರಲ್ಲಿ ಮುಂಬೈಯ ಇಬ್ಬರೂ ಬಂದು ಸತ್ತವನ್ನು ತೆಗೆಯುತ್ತಿದ್ದರಂತೆ. ಯಾರು ಮಾಡಿದ್ದು ಎಂದು ಕೇಳಿದರಂತೆ. "ಹೊಲ ನಂದು," ಎಂದರಂತೆ ನಮ್ಮವರು. ಅಷ್ಟೇ. ಮುಂಬೈಯವರು ಎಳ್ಳ ಅಮಾಸಿಯ ಬುಟ್ಟಿಯನ್ನೂ ಈ ಮಾತನ್ನೂ ಕೂಡಿಸಿಕೊಂಡರು. ನಮ್ಮವರು ದಿನವಿಡೀ ಒಬ್ಬರೇ ತೆಗ್ಗು ತೋಡಿ ಆರನ್ನೂ ಹುಗಿದರು. ಯಾರೋ ಹತ್ತಿಗೆ ಹೊಡೆದ ಎಣ್ಣೆಗೆ ಸತ್ತವು ಎಂದು ಊರು ತಿಳಿಯಿತು.

ಆಮೇಲೆ ಏನೂ ಆಗದವರಂತೆ ಇದ್ದರು. ನಾನು ಮಾಡಿದ ರೊಟ್ಟಿ ಉಂಡರು, ಎತ್ತಿನ ಮಾತಾಡಿದರು, ಸಂತೆಯಿಂದ ಬಳೆ ತಂದುಕೊಟ್ಟರು. ಮರೆತರು ಎಂದುಕೊಂಡೆ. ಮುಂದೆ ಸೀಗಿ ಹುಣ್ಣಿಮೆ ಬಂತು. ಕಡುಬು ಮಾಡಿ, ಬುಟ್ಟಿ ಕಟ್ಟಿ, ತಂಬಿಗೆ ತುಂಬಿ ಹೊಸ್ತಿಲಲ್ಲಿ ನಿಂತೆ. ನಮ್ಮವರು ನನ್ನ ಕೈಯಿಂದ ತಂಬಿಗೆ ತೆಗೆದುಕೊಂಡು ಸಣ್ಣವ್ವನ ಕೈಗೆ ಕೊಟ್ಟರು. "ಬಾ ತಂಗೀ," ಎಂದರು. ಓಣಿಯವರು ಕೇಳಿದರೆ, "ಆಕಿ ಕಾಲ ನೋಯಸತಾವು," ಎಂದರು. ವಿಷ ಇಟ್ಟ ಕೈ ಆ ಮಣ್ಣಿಗೆ ನೀರು ಹಾಕಬಾರದು, ಅಷ್ಟೇ ಅವರ ಮನಸ್ಸಿನಲ್ಲಿದ್ದದ್ದು. ಅದನ್ನು ಬಾಯಿಬಿಟ್ಟು ಹೇಳಿದ್ದರೆ ನಾನು ಜಗಳವಾಡುತ್ತಿದ್ದೆ. ಹೇಳಲಿಲ್ಲ. ಮುಂದಿನ ತಿಂಗಳು ಕಾಮಾಲೆ ಆಗಿ ಹೋಗಿಬಿಟ್ಟರು.

ಸಣ್ಣವ್ವನಿಗೆ ಅದೇ ಹೆಮ್ಮೆಯಾಗಿತ್ತು. ಅಣ್ಣನ ಕೊನೆಯ ಚರಗಕ್ಕೆ ನೀರು ಹಾಕಿದವಳು ತಾನು ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು. ನಾನು ಪಕ್ಕದಲ್ಲೇ ಕೂತು ಕೇಳುತ್ತಿದ್ದೆ.

ಐತವಾರ ಊಟದ ಹೊತ್ತು ಮೀರಿದ ಮೇಲೆ ಜೀಪು ಬಂತು. ಇಸ್ತ್ರಿ ಅಂಗಿಯ ಪ್ರಚಾರದ ಸಾಹೇಬರೊಬ್ಬರು, ಯಂತ್ರ ತಿರುಗಿಸುವ ಮೀರಾಸಾಬ ಒಬ್ಬ. ಸಾಹೇಬರು ಸಾಲಿಯಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಮೀರಾಸಾಬ ಮನೆ ಮನೆಗೆ ಕಂಬಳಿ ಕೇಳಲು ಹೊರಟ. ಐವತ್ತರ ಬಡಕಲು ಮನುಷ್ಯ.

"ನಮ್ಮ ಕಂಬಳಿಗೆ ತಿಗಣಿ ಆಗ್ಯಾವು," ಎಂದರು ಒಬ್ಬರು.

"ನಮ್ಮ ಕಂಬಳಿ ಮ್ಯಾಲ ನಾಯಿ ಈದೈತಿ," ಎಂದರು ಇನ್ನೊಬ್ಬರು.

ಗೌಡರು ಮಡಿಸಿದ ಕಂಬಳಿಯ ಮೇಲೆ ಕೂತುಕೊಂಡೇ, "ನಮ್ಮ ಮನ್ಯಾಗ ಕಂಬಳೀನ ಇಲ್ಲ ಬಿಡಪಾ," ಎಂದರಂತೆ. ಓಣಿಯೆಲ್ಲ ನಕ್ಕಿತು.

ನಮ್ಮ ಬಾಗಿಲಿಗೆ ಬಂದಾಗ ಸಣ್ಣವ್ವ ಕಸಬರಿಗೆ ಎತ್ತಿದಳು. "ನಮ್ಮಣ್ಣನ್ನ ಕೊಲೆಗಡಕನ್ನ ಮಾಡಿ ನಮ್ಮ ಮನಿಗೇ ಬಂದೀಯೇನಲೇ?"

"ಯವ್ವಾ, ನಾ ಯಂತ್ರ ತಿರುವಾಂವ, ಸಿನೆಮಾ ತಗದಾಂವ ಅಲ್ಲ," ಎಂದು ಅವನು ಕೈ ಮುಗಿದು ಹಿಂದೆ ಸರಿದ. ಮುಖ ಬೆವತಿತ್ತು.

ಅವನು ಓಣಿಯ ತಿರುವು ಮುಟ್ಟುವ ಹೊತ್ತಿಗೆ ನಾನು ಹಿತ್ತಲ ಬಾಗಿಲಿಂದ ಸುತ್ತಿ ಬಂದು ಅಡ್ಡ ನಿಂತೆ.

"ಏ ತಮ್ಮಾ, ಅದರಾಗ ಚರಗಾ ಚೆಲ್ಲಾಂವ ಒಬ್ಬಾಂವ ಬರತಾನಲ್ಲ, ಅವನ ಮುಖಾ ಕಾಣತೈತೇನ? ಇಲ್ಲಾ ಬರೇ ಬೆನ್ನ?"

ಮೀರಾಸಾಬ ನನ್ನ ಹಣೆ ನೋಡಿದ, ಬರಿಗೈ ನೋಡಿದ. ತಿಳಿದುಕೊಂಡ.

"ಕಾಣತೈತಿ ಯವ್ವಾ. ಛಂದಂಗ ಕಾಣತೈತಿ. ಒಂದ ಸಲ ಹಿಂದಕ ಹೊಳ್ಳಿ ನಗತಾನ."

ಹಿಂದಕ್ಕೆ ಹೊರಳಿ ನಗುತ್ತಾರೆ. ಹಿಂದೆ ಇದ್ದವಳು ನಾನಲ್ಲವೇ? ತಂಬಿಗೆ ಕಸಿದುಕೊಳ್ಳುವ ಮೊದಲಿನ ನಗು ಅದು, ನನಗೆ ಎಂದು ನಕ್ಕದ್ದು. ಮನೆಗೆ ಹೋಗಿ ಗೂಟದ ಮೇಲಿದ್ದ ಅವರ ಕಂಬಳಿ ಎಳೆದುಕೊಂಡೆ. ನನ್ನದನ್ನೂ ತೆಗೆದುಕೊಂಡೆ. ಬಾಗಿಲಿಗೆ ಎಂದು ಹಳೆ ಸೀರೆ ಹೊಲಿದ ಕೌದಿ ಒಂದನ್ನು ಬಗಲಿಗೆ ಹಾಕಿದೆ.

ಸಣ್ಣವ್ವ ಹೊಸ್ತಿಲಿಗೆ ಅಡ್ಡ ನಿಂತಳು. "ವೈನಿ, ಹುಚ್ಚ ಹಿಡದೈತೇನ? ಇಡು ಅದನ್ನ. ನಮ್ಮಣ್ಣನ ಕಂಬಳಿ ಅದು."

"ನನ್ನ ಗಂಡನ ಕಂಬಳಿ."

"ಅದನ್ನ ಹಾಕಿ ಕತ್ತಲಿ ಮಾಡಿ, ಅಣ್ಣನ ಮ್ಯಾಲ ಬಂದ ಅಪವಾದ ನೋಡತೀಯಾ?"

"ನಿಮ್ಮಣ್ಣನ ಮುಖಾ ನೋಡತೇನಿ. ನಿನಗ ನೆನಪೈತೇನ ಆ ಮುಖಾ? ಖರೇ ಹೇಳು."

ಅವಳ ಕಣ್ಣು ಬರಿದಾದ ಗೂಟದ ಕಡೆ ಹೋಯಿತು. ನಾನು ಅವಳನ್ನು ಬದಿಗೆ ಸರಿಸಿ ಹೊರಬಿದ್ದೆ.

ಹಗಲು ಮೂರರ ಬಿಸಿಲಿನಲ್ಲಿ ತಲೆಯ ಮೇಲೆ ಎರಡು ಕಂಬಳಿ ಹೊತ್ತು ಊರ ನಡುವೆ ನಡೆದೆ. ಗುಡಿಯ ಕಟ್ಟೆಯ ಮೇಲಿನವರು ಕತ್ತು ಹೊರಳಿಸಿದರು. "ಎಲ್ಲಿ ಹೊಂಟಿ ಬಸವಣ್ಣೆವ್ವಾ?" ಎಂದರು ಗೌಡರು. "ಸಿನೆಮಾ ನೋಡಾಕ್ರಿ," ಎಂದೆ. ಯಾವಳೋ, "ನಾಚಿಕಿ ಇಲ್ಲದಾಕಿ," ಎಂದಳು. ನಾನು ತಿರುಗಿ ನೋಡಲಿಲ್ಲ.

ಮೀರಾಸಾಬ ಒಂದು ಕಿಟಕಿಗೆ ನಮ್ಮವರ ಕಂಬಳಿ ಕಟ್ಟಿದ, ಇನ್ನೊಂದಕ್ಕೆ ನನ್ನದು, ಬಾಗಿಲಿಗೆ ಕೌದಿ. ಎದುರಿನ ಗೋಡೆಗೆ ಬಿಳಿ ಪಡದೆ. ಖೋಲಿಯಲ್ಲಿ ಸಾಹೇಬರು, ನಾನು, ಸಾಲಿ ಮಾಸ್ತರರು, ಅಷ್ಟೇ. ಯಂತ್ರ ಗರಗರ ಎನ್ನತೊಡಗಿದ ಮೇಲೆ ಕೌದಿ ಸರಿಯಿತು. "ನಾ ನೋಡಾಕ ಬಂದಿಲ್ಲ, ಬೈಯಾಕ ಬಂದೇನಿ," ಎನ್ನುತ್ತ ಒಬ್ಬ ಒಳಗೆ ಬಂದ. ಅವನ ಹಿಂದೆ ಇನ್ನೊಬ್ಬ. ಬೈಯಲು ಬಂದವರಿಂದಲೇ ಖೋಲಿ ತುಂಬಿತು. ಕೊನೆಗೆ ಗೌಡರು ಬಂದು ಹಿಂದೆ ನಿಂತರು. ಸಣ್ಣವ್ವ ಬಂದು ಅಣ್ಣನ ಕಂಬಳಿ ಕಟ್ಟಿದ ಕಿಟಕಿಯ ಕೆಳಗೆ, ಕಂಬಳಿಗೆ ಬೆನ್ನು ಹಚ್ಚಿ ಕೂತಳು.

"ಒಂದಾನೊಂದು ಕಾಲದಲ್ಲಿ ಈ ಬಯಲಿನಲ್ಲಿ ಸಹಸ್ರಾರು ಕೃಷ್ಣಮೃಗಗಳು ನಲಿದಾಡುತ್ತಿದ್ದವು," ಎಂದಿತು ಸಿನೆಮಾದ ದನಿ. ಬೆಂಗಳೂರಿನ ಕನ್ನಡ. ನಲಿದಾಡುತ್ತಿದ್ದವಂತೆ! ಮೇಯುತ್ತಿದ್ದವು ಎನ್ನಲು ಏನು ರೋಗ? ಹಿಂದೆ ಯಾರೋ ಸಿತಾರು ಬಾರಿಸಿ ಅಳಿಸಲು ನೋಡುತ್ತಿದ್ದರು. ನಾನು ಅಳುವುದಿಲ್ಲ ಎಂದು ಹಲ್ಲು ಕಚ್ಚಿ ಕೂತೆ.

ಆಮೇಲೆ ಒಂದು ಮರಿ ಬಂತು. ಈಗಷ್ಟೇ ಹುಟ್ಟಿದ್ದು. ಮುಂಗಾಲು ಮಡಚಿ ಏಳಲು ಹೋಗಿ ಬಿತ್ತು, ಮತ್ತೆ ಎದ್ದಿತು, ತಾಯಿ ನೆಕ್ಕಿದರೆ ಮತ್ತೆ ಬಿತ್ತು. ಜನ ನಕ್ಕರು. ಇಷ್ಟು ವರ್ಷ ಚಿಗರಿಯ ನಡುವೆ ಬಾಳಿದವಳು ನಾನು, ಅವುಗಳ ಬಾಯಿಯಲ್ಲಿನ ಕಡಲೆ ಗಿಡ ನೋಡಿದ್ದೆ, ಅವನ್ನು ನೋಡಿರಲಿಲ್ಲ. ಬದುವಿನ ಮೇಲೆ ಬಿದ್ದಿದ್ದ ಮರಿ ಇದಕ್ಕಿಂತ ಸ್ವಲ್ಪ ದೊಡ್ಡದಿತ್ತು. ಕಣ್ಣು ತುಂಬಿತು. ತುಂಬಿದ್ದಕ್ಕೆ ಆ ಸಿನೆಮಾದವರ ಮೇಲೆ ಇನ್ನಷ್ಟು ಸಿಟ್ಟು ಬಂತು.

ಆಮೇಲೆ ಅವರು ಬಂದರು.

ರುಮಾಲು. ಬಗಲಲ್ಲಿ ಬುಟ್ಟಿ. ಮೊದಲು ಬೆನ್ನು, ನನಗೆ ಗೊತ್ತಿದ್ದ ಬೆನ್ನು. ಕೈ ಬೀಸಿ ಬೀಸಿ ಚೆಲ್ಲುತ್ತ ನಡೆದರು. "ಆದರೆ ಮನುಷ್ಯ?" ಎಂದಿತು ದನಿ. "ತನ್ನ ಬೆಳೆಗಾಗಿ ಮೂಕಪ್ರಾಣಿಗಳಿಗೆ ವಿಷವನ್ನು ಚೆಲ್ಲುತ್ತಾನೆ." ಹೊಲದ ಮೂಲೆಗೆ ಬಂದು ಅವರು ಹೊರಳಿದರು. ಗಡ್ಡ ಎರಡು ದಿನದ್ದು. ಎಡಗಡೆಯ ಹಲ್ಲು ಮುರಿದದ್ದು ನಾನು ಮರೆತೇಬಿಟ್ಟಿದ್ದೆ. ಕಣ್ಣು ಸಣ್ಣದು ಮಾಡಿ ನಕ್ಕರು. ಪಡದೆಯ ಅಂಚಿನಲ್ಲಿ ಹಸಿರು ಬಳೆಯ ಒಂದು ಕೈ, ಒಂದು ತಂಬಿಗೆ ಕಂಡವು. ಅವರ ಬಾಯಿ ತೆರೆಯಿತು. ಏನು ಕೂಗಿದರೆಂದು ದನಿ ಕೇಳಿಸಲಿಲ್ಲ, ಕೇಳಿಸಬೇಕಾಗಿರಲಿಲ್ಲ.

"ಚಲಾಂಬರಿಗೋ!" ಎಂದುಬಿಟ್ಟೆ ನಾನು, ಗಟ್ಟಿಯಾಗಿ, ಎಲ್ಲರ ನಡುವೆ.

ಮರುಕ್ಷಣ ಪಡದೆಯ ಮೇಲೆ ಆರು ಚಿಗರಿ ಸತ್ತು ಬಿದ್ದಿದ್ದವು.

"ಬಂದ್ ಮಾಡಲೇ ಅದನ್ನ!" ಎಂದು ಗೌಡರು ಗುಡುಗಿದರು. "ಕೇಳ್ರಿ ಆ ತಾಯಿ ಕೂಗಿದ್ದನ್ನ! ಚರಗಾ ಅದು, ಚರಗಾ! ದೇವರಂಥಾ ಮನಶ್ಯಾನ ಮ್ಯಾಲ ಹೊಲಸ ಹಾಕತೀರಿ? ಚಿಮಣಿ ಎಣ್ಣಿ ತರ್ರಿ. ಈ ರೀಲ ಇಲ್ಲೇ ಸುಡೂಣು!"

ಜನ ಎದ್ದರು. ಸಾಹೇಬರು ಸಾಲಿಯ ಕರಿಹಲಗೆಯ ಹಿಂದೆ ಸರಿದರು. ಮೀರಾಸಾಬ ಯಂತ್ರವನ್ನು ಎರಡೂ ಕೈಯಿಂದ ತಬ್ಬಿಕೊಂಡ. ಒಬ್ಬ ಅವನ ಅಂಗಿ ಹಿಡಿದ, ಇನ್ನೊಬ್ಬ ಬೆನ್ನಿಗೆ ಗುದ್ದಿದ. ಗೌಡರ ಕೈ ರೀಲಿನ ಮೇಲೆ ಬಿತ್ತು. ಇನ್ನೊಂದು ಚಿಟಿಕೆ ಹೊತ್ತಾಗಿದ್ದರೆ ಅದು ಹರಿದುಹೋಗುತ್ತಿತ್ತು. ಅದರೊಳಗೆ ನಮ್ಮವರ ಮುಖವಿತ್ತು. ಲೋಕದಲ್ಲಿ ಬೇರೆಲ್ಲೂ ಇರಲಿಲ್ಲ.

"ಮುಟ್ಟಬ್ಯಾಡ್ರಿ ಗೌಡ್ರ!" ನಾನು ನಡುವೆ ನುಗ್ಗಿ ಆ ಕೈ ಕಿತ್ತು ಹಾಕಿದೆ. "ಸುಳ್ಳ ಹೇಳಿಲ್ಲ ಅವರು. ಅಂದ್ರ, ಅರ್ಧಾ ಸುಳ್ಳ. ಚರಗಾ ಚೆಲ್ಲಿದವರು ನಮ್ಮವರು. ಚಿಗರಿಗೆ ವಿಷಾ ಇಟ್ಟಾಕಿ ನಾನು."

"ದುಃಖದಾಗ ಏನೇನರ ಮಾತಾಡಬ್ಯಾಡವಾ," ಎಂದರು ಗೌಡರು.

"ದುಃಖಾ ಅಲ್ಲ, ಖರೇ! ಎಂಡ್ರಿನ್ ಎಣ್ಣ್ಯಾಗ ಕಡ್ಲಿ ನೆನಸಿ ಇಟ್ಟಾಕಿ ನಾನು. ಅವರಿಗೆ ಗೊತ್ತಿತ್ತು. ಹೊಲ ನಂದು ಅಂದು ತಮ್ಮ ಮ್ಯಾಲ ಹಾಕ್ಕೊಂಡ್ರು. ಆರೂ ಚಿಗರಿ ಅವರ ಹುಗದಾರ. ಹೋಗ್ರಿ, ಅಗದ ನೋಡ್ರಿ, ನಮ್ಮ ಬದುವಿನ ಬಾಜೂಕ ಅದಾವು."

ಮೀರಾಸಾಬನ ಅಂಗಿ ಹಿಡಿದವನು ಬಿಟ್ಟ. ಗೌಡರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಕನಿಕರ ಈಗ ಇರಲಿಲ್ಲ. "ನಿನ್ನ ಮಾನಕ್ಕಂತ ಊರ ಕೂಡಿಸಿದ್ನಲ್ಲ ನಾ," ಎಂದು ನೆಲಕ್ಕೆ ಉಗುಳಿದರು. ಕೌದಿ ಸರಿಸಿ ಹೊರಗೆ ಹೋದರು. ಅವರ ಹಿಂದೆ ಒಬ್ಬೊಬ್ಬರಾಗಿ ನಡೆದರು.

"ಮೀರಾಸಾಬ," ಎಂದೆ, "ಅವರ ಬರೂದಷ್ಟ ಇನ್ನೊಮ್ಮೆ ತೋರಸಪಾ. ಆ ದನಿ ಬ್ಯಾಡ. ದನಿ ಬಂದ್ ಮಾಡಿ ತೋರಸು."

ಅವನು ಸಾಹೇಬರ ಕಡೆ ನೋಡಲಿಲ್ಲ. ರೀಲು ಹಿಂದಕ್ಕೆ ಸುತ್ತಿದ, ದನಿ ಬಂದ್ ಮಾಡಿದ, ಯಂತ್ರದ ದೀಪ ಹಚ್ಚಿದ. ಯಂತ್ರ ಮತ್ತೆ ಗರಗರ ಎಂದಿತು. ರುಮಾಲು ಬಂತು. ಬುಟ್ಟಿ ಬಂತು. ಬೆನ್ನು ಬಂತು. ನಾನು ಪಡದೆಯ ಹತ್ತಿರ ಹೋಗಿ ನಿಂತೆ. ಇನ್ನು ನಾಲ್ಕು ಹೆಜ್ಜೆಗೆ ಮೂಲೆ, ಅಲ್ಲಿ ಹೊರಳುತ್ತಾರೆ.

"ವೈನಿ."

ಸಣ್ಣವ್ವ ಹೋಗಿರಲಿಲ್ಲ. ಕಿಟಕಿಯ ಕೆಳಗೆ ಎದ್ದು ನಿಂತಿದ್ದಳು.

"ಅದಕ್ಕೇನ ಅಣ್ಣ ಸೀಗಿ ಹುಣವಿಗೆ ನನ್ನ ಕರದದ್ದು? ನನ್ನ ಮ್ಯಾಲಿನ ಮಾಯಾ-ಮಮತಾಕ್ಕಲ್ಲ? ನಿನ್ನ ಕೈ ಬ್ಯಾಡಾಗಿತ್ತಂತ?"

"ಹೂಂ," ಎಂದೆ. ಕಣ್ಣು ಪಡದೆಯ ಮೇಲೇ ಇತ್ತು.

"ವರ್ಷದ ಮ್ಯಾಲಾತು, ನಾ ಊರ ತುಂಬ ಹೇಳಿಕೊಂಡ ತಿರಗೇನಿ. ನೀ ಬಾಜೂಕ ಕುಂತ ಕೇಳಿದಿ."

ಅವಳು ಅಣ್ಣನ ಕಂಬಳಿಗೆ ಕೈ ಹಾಕಿ ಒಮ್ಮೆಲೇ ಎಳೆದಳು. ಕಟ್ಟಿದ್ದ ಹಗ್ಗ ಹರಿಯಿತು. ಪಡುವಣದ ಬಿಸಿಲು ಖೋಲಿಯೊಳಗೆ ಸುರಿದು ನೆಟ್ಟಗೆ ಪಡದೆಯ ಮೇಲೆ ಬಿತ್ತು. ಬಟ್ಟೆ ಬೆಳ್ಳಗಾಯಿತು. ನಾನು ಎರಡೂ ಕೈಯಿಂದ ಬಿಸಿಲು ತಡೆಯಲು ಹೋದೆ, ನನ್ನದೇ ನೆರಳು ಬಿತ್ತು. ಅದರೊಳಗೆ ಏನೂ ಕಾಣಲಿಲ್ಲ.

ಸಣ್ಣವ್ವ ಕಂಬಳಿಯನ್ನು ಮಡಿಸಿ ಎದೆಗೆ ಒತ್ತಿಕೊಂಡು ಹೊರಟುಹೋದಳು. ಹಿಂದೆ ಯಂತ್ರ ಇನ್ನೂ ತಿರುಗುತ್ತಿತ್ತು. ಆ ಹೊತ್ತಿಗೆ ಅವರು ಮೂಲೆಗೆ ಬಂದು ಹೊರಳಿ, ನಕ್ಕು, ಕೂಗಿಯೂ ಆಗಿರಬೇಕು. ನಾನು ಆ ಬಿಳಿ ಬಟ್ಟೆಯ ಮುಂದೆ ನಿಂತೇ ಇದ್ದೆ. ಈ ಸಲ ಓಗೊಡಲಿಲ್ಲ.